ಎರಡನೆಯ ಸಂಪುಟ ಯಾರಲ್ಲಿದೆ?

ಗುಂಪು: ತರವಾಡು ಮನೆ

ಬದಿಯಡ್ಕ ಅಕ್ಕ: ಹಲವು ಬಾರಿ ಫಾರ್ವರ್ಡ್ ಆದದ್ದು. «ನೊಬೆಲ್ ವಿಜ್ಞಾನಿಯ ತಪ್ಪೊಪ್ಪಿಗೆ! ಫೈನ್‌ಮನ್ ತನ್ನ ಭೌತಶಾಸ್ತ್ರ ಉಪನ್ಯಾಸಗಳ ಮುನ್ನುಡಿಯಲ್ಲೇ ತಾನು ಸೋತೆ ಎಂದು ಬರೆದಿದ್ದಾನೆ. ಪುಸ್ತಕ ಓದಿ ಫಿಸಿಕ್ಸ್ ಬರುವುದಿಲ್ಲ. ಪಾಲಕರೇ, ತಡ ಮಾಡದೆ ಮಕ್ಕಳನ್ನು ಕೋಚಿಂಗ್‌ಗೆ ಸೇರಿಸಿ.» ಪುಟ್ಟಿ ಪ್ಲಸ್ ವನ್ (ಹನ್ನೊಂದನೆಯ ತರಗತಿ) ಸೇರಿದಂದಿನಿಂದ ಆ ದಪ್ಪ ಪುಸ್ತಕ ಹಿಡಿದೇ ಕುಳಿತಿದ್ದಾಳೆ. ತಮ್ಮಾ, ಅವಳಿಗೆ ಅದನ್ನು ಕೊಟ್ಟವನು ನೀನು. ಈಗ ಏನು ಹೇಳುತ್ತೀ?

ದೊಡ್ಡಪ್ಪ: ಅಷ್ಟು ದೊಡ್ಡ ಮನುಷ್ಯ ಸೋಲನ್ನು ಒಪ್ಪಿಕೊಂಡನಲ್ಲ, ಅದು ವಿನಯ. ಮೂವತ್ತು ವರ್ಷ ಪಾಠ ಮಾಡಿದವನು ಹೇಳುತ್ತೇನೆ, ವಿನಯವಿಲ್ಲದ ಕಡೆ ವಿದ್ಯೆ ನಿಲ್ಲುವುದಿಲ್ಲ. ಈಗಿನ ಮಕ್ಕಳಿಗೆ ಮೊದಲು ಬೆಳಗ್ಗೆ ಬೇಗ ಏಳುವುದನ್ನು ಕಲಿಸಿ.

ಬೆಂಗಳೂರು ಭಾವ: ಇದಕ್ಕೆ ಮೂಲ ಎಲ್ಲಿದೆ? ಯಾವ ವರ್ಷದ ಮುನ್ನುಡಿ? ಜೊತೆಗಿರುವ ಚಿತ್ರದಲ್ಲಿ ವಾಕ್ಯ ಅರ್ಧಕ್ಕೇ ಕತ್ತರಿಸಿದೆ.

ಪೆರ್ಲದ ಅಪ್ಪಚ್ಚಿ: ಮೂಲ ಕೇಳುವವರು ಹಲಸಿನ ಬೀಜ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಕಳುಹಿಸಿದಾಗ ಯಾವ ಮೂಲ ಕೊಟ್ಟಿದ್ದರು?

ಬೆಂಗಳೂರು ಭಾವ: ಅದನ್ನು ಕಳುಹಿಸಿದ್ದು ನಾನಲ್ಲ, ಸಣ್ಣ ಮಾವ. ಮೇಲೆ ಹೋಗಿ ನೋಡಿ.

ಪೆರ್ಲದ ಅಪ್ಪಚ್ಚಿ: ಯಾರೇ ಕಳುಹಿಸಲಿ. ಫೈನ್‌ಮನ್ ವಿಷಯ ನನಗೆ ಗೊತ್ತು. ಅವನ ತರಗತಿಯಿಂದ ವಿದ್ಯಾರ್ಥಿಗಳೆಲ್ಲ ಜಾಗ ಖಾಲಿ ಮಾಡಿದರು, ಕೊನೆಗೆ ಬೆಂಚಿನಲ್ಲಿ ಕುಳಿತದ್ದು ಪ್ರೊಫೆಸರುಗಳು.

ಬೆಂಗಳೂರು ಭಾವ: ವಿದ್ಯಾರ್ಥಿಗಳ ಹಾಜರಿ ಇಳಿಯಿತು, ಅಧ್ಯಾಪಕರು ಬಂದು ತುಂಬಿಕೊಂಡರು ಎಂದು ಬೇರೆಯವರು ಬರೆದ 1989ರ ವಿಶೇಷ ಮುನ್ನುಡಿಯಲ್ಲಿ ಇದೆ ನಿಜ. ಆದರೆ ಪುಸ್ತಕದ ಸಹಲೇಖಕ ಮ್ಯಾಥ್ಯೂ ಸ್ಯಾಂಡ್ಸ್ ಅದನ್ನು ಒಪ್ಪಲಿಲ್ಲ. ಅವರು ಅಲ್ಲೇ ಇದ್ದವರು.

ಕುಂಬಳೆ ಅಣ್ಣ: ಭೌತಶಾಸ್ತ್ರ ಎಂದೊಡನೆ ನನಗೆ ನಮ್ಮ ಶಾಲೆಯ ಲೋಲಕ ನೆನಪಾಗುತ್ತದೆ. ಜಂತಿಗೆ ದಾರ ಕಟ್ಟಿ, ತುದಿಗೆ ಕಲ್ಲು ತೂಗಿಸಿ, ಮೇಷ್ಟ್ರು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಹೊರಗೆ ಆಟಿಯ ಮಳೆ. ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿ ಎಣಿಕೆ ತಪ್ಪುತ್ತಿತ್ತು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಆ ರುಚಿ ಈಗ ಯಾವ ಹೋಟೆಲಿನಲ್ಲಿಯೂ ಸಿಗುವುದಿಲ್ಲ.

ಬದಿಯಡ್ಕ ಅಕ್ಕ: ಗಂಜಿಯ ವಿಷಯ ಆಮೇಲೆ ಅಣ್ಣಾ. ಕೋಚಿಂಗ್‌ನವರು ಮುಂದಿನ ವಾರದೊಳಗೆ ಹಣ ಕಟ್ಟಬೇಕು ಎಂದಿದ್ದಾರೆ.

ದೊಡ್ಡಪ್ಪ: ಅದಿರಲಿ, ಆ ಪುಸ್ತಕ ಮೂರು ಸಂಪುಟಗಳಲ್ಲವೇ? ಪುಟ್ಟಿಯ ಹತ್ತಿರ ಎಷ್ಟಿವೆ?

ಬದಿಯಡ್ಕ ಅಕ್ಕ: ಒಂದನೆಯದು, ಮೂರನೆಯದು. ಎರಡನೆಯದು ಇಲ್ಲ.

ಕುಂಬಳೆ ಅಣ್ಣ: ಪೆರ್ಲದ ಅಟ್ಟದಲ್ಲಿದೆ. ಗೃಹಪ್ರವೇಶದ ದಿನ ನಾನೇ ಕಂಡಿದ್ದೇನೆ.

ಪೆರ್ಲದ ಅಪ್ಪಚ್ಚಿ: ನನ್ನ ಅಟ್ಟ ಹತ್ತಲು ನಿನಗೆ ಯಾರು ಹೇಳಿದ್ದು? ಮನೆ ಪಾಲಾದಾಗ ಹಿತ್ತಾಳೆಯ ಕೊಪ್ಪರಿಗೆ ಎಲ್ಲಿಗೆ ಹೋಯಿತು ಎಂದು ನಾನು ಇಂದಿನವರೆಗೆ ಕೇಳಿದ್ದೇನೆಯೇ?

ದೊಡ್ಡಪ್ಪ: ಈಗ ಕೇಳಿದೆಯಲ್ಲ.

ಕೊಪ್ಪರಿಗೆಯ ಮೇಲೆ ಇನ್ನೂ ಬಹಳಷ್ಟು ಸಂದೇಶಗಳು ಬಂದವು. ಅವನ್ನು ಇಲ್ಲಿ ಬಿಟ್ಟಿದ್ದೇನೆ. ಅಷ್ಟು ಹೊತ್ತಿನಲ್ಲಿ ಫೈನ್‌ಮನ್ ಬರೆದ ಮುನ್ನುಡಿಯನ್ನು ಒಬ್ಬರೂ ತೆರೆದು ನೋಡಿರಲಿಲ್ಲ. ಅಂಗಡಿಗೆ ಹೋಗುವ ಕೆಲಸವೂ ಇರಲಿಲ್ಲ. 2013ರಿಂದ ಆ ಉಪನ್ಯಾಸಗಳು ಅಂತರಜಾಲದಲ್ಲಿ ಓದಲು ಉಚಿತವಾಗಿ ಸಿಗುತ್ತವೆ. ಶಾಲೆಯಿಂದ ಬಂದು, ಚಹಾ ಕುಡಿದು, ನಾನು ಬರೆದದ್ದು ಇದು.

ನಾನು: ಅಕ್ಕಾ, ಮುನ್ನುಡಿ 1963ರ ಜೂನ್ ತಿಂಗಳದ್ದು. ವ್ಯವಸ್ಥೆ ಸೋತಿದೆ ಎಂದು ಫೈನ್‌ಮನ್ ಬರೆದದ್ದು ನಿಜ. ಪರೀಕ್ಷೆಯಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಲೆಕ್ಕ ಬಿಡಿಸಿದ ರೀತಿ ನೋಡಿ ಅವರಿಗೆ ಹಾಗೆನಿಸಿತು. ಆದರೆ ಹೆಚ್ಚುಕಡಿಮೆ ಎಲ್ಲವನ್ನೂ ಅರ್ಥ ಮಾಡಿಕೊಂಡ ಒಂದೆರಡು ಡಜನ್ ವಿದ್ಯಾರ್ಥಿಗಳು ಇದ್ದರು ಎಂಬುದೂ ಅಲ್ಲೇ ಇದೆ. ನಿನಗೆ ಬಂದ ಚಿತ್ರದಲ್ಲಿ ಅದನ್ನು ಕತ್ತರಿಸಿದ್ದಾರೆ. ಕತ್ತರಿಸಿದವರಿಗೆ ಸೀಟು ತುಂಬಬೇಕಿತ್ತು.

ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ 1961ರಿಂದ 1963ರವರೆಗೆ ನಡೆದ ಪಾಠ ಅದು. 180 ವಿದ್ಯಾರ್ಥಿಗಳು ವಾರಕ್ಕೆ ಎರಡು ಸಲ ಉಪನ್ಯಾಸ ಕೇಳುತ್ತಿದ್ದರು. ಬಳಿಕ 15–20 ಜನರ ಸಣ್ಣ ಗುಂಪುಗಳಾಗಿ ಒಬ್ಬ ಸಹಾಯಕ ಅಧ್ಯಾಪಕರ ಬಳಿ ಕುಳಿತು ಚರ್ಚಿಸುತ್ತಿದ್ದರು. ವಾರಕ್ಕೊಮ್ಮೆ ಪ್ರಯೋಗಾಲಯ. ನಮ್ಮ ಕೈಗೆ ಬಂದದ್ದು ಉಪನ್ಯಾಸ ಮಾತ್ರ. ಆ ಸಣ್ಣ ಗುಂಪು ಪುಸ್ತಕದೊಳಗೆ ಇಲ್ಲ, ಅಭ್ಯಾಸದ ಲೆಕ್ಕಗಳೂ ಬೇರೆಯಾಗಿಯೇ ಇವೆ. ಒಳ್ಳೆಯ ಅಧ್ಯಾಪಕ ಮತ್ತು ಒಬ್ಬ ವಿದ್ಯಾರ್ಥಿ ಎದುರುಬದುರು ಕುಳಿತು ಮಾತನಾಡಿದಾಗಲೇ ಒಳ್ಳೆಯ ಕಲಿಕೆ ಆಗುತ್ತದೆ ಎಂದು ಅವರೇ ಬರೆದಿದ್ದಾರೆ. ನೂರಾರು ಮಕ್ಕಳನ್ನು ಒಂದು ಹಾಲಿನಲ್ಲಿ ಕೂರಿಸಿ ಉತ್ತರದ ಗುರುತು ಹಾಕಿಸುವ ಕೋಚಿಂಗ್‌ಗೆ ಈ ಮಾತನ್ನು ಸಾಕ್ಷಿಯಾಗಿ ತರುವುದು ಅನ್ಯಾಯ.

ಪುಟ್ಟಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಈಗ ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಎಷ್ಟೋ ಮಂದಿ ಸುಮ್ಮನಾಗುವುದು ಈ ತಿರುವಿನಲ್ಲೇ. ನನ್ನ ತರಗತಿಯಲ್ಲಿ ಪ್ರತಿ ವರ್ಷ ನೋಡುತ್ತೇನೆ. ಲೆಕ್ಕ ಗೊತ್ತಿರುತ್ತದೆ, ಆದರೆ ಕೈ ಎತ್ತುವುದಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬಳು ತಾನಾಗಿ ಪುಸ್ತಕ ಹಿಡಿದಿದ್ದಾಳೆ ಎಂದರೆ ಅದನ್ನು ಕಸಿಯಬೇಡ ಅಕ್ಕಾ. ಪುಸ್ತಕ ಒಂದೇ ಸಾಲದು ಎಂಬುದನ್ನು ಒಪ್ಪುತ್ತೇನೆ. ಜೊತೆಗೆ ಕುಳಿತುಕೊಳ್ಳುವವರು ಬೇಕು. ಈ ಗುಂಪಿನಲ್ಲಿ ಭೌತಶಾಸ್ತ್ರ ಓದಿದವರು ನಾನು, ಭಾವ, ಅಪ್ಪಚ್ಚಿ, ಮೂವರಿದ್ದೇವೆ.

ಪೆರ್ಲದ ಅಪ್ಪಚ್ಚಿ: ನನ್ನ ಹೆಸರನ್ನು ಮೂರನೆಯದಾಗಿ ಬರೆದದ್ದು ಯಾಕೆ?

ದೊಡ್ಡಪ್ಪ: ಬರೆದದ್ದು ಉದ್ದವಾಯಿತು. ಆದರೂ ಸರಿ ಇದೆ.

ಪುಟ್ಟಿ: ಮಾವ, ಒಂದು ಸಂಶಯ. ಒಂದನೆಯ ಸಂಪುಟದ 4ನೆಯ ಅಧ್ಯಾಯದಲ್ಲಿ ಹುಡುಗನೊಬ್ಬನ 28 ಆಟಿಕೆ ತುಂಡುಗಳ ಕಥೆ ಇದೆ. ತಾಯಿ ದಿನವೂ ಎಣಿಸುತ್ತಾಳೆ. ಕಡಿಮೆಯಾದರೆ ಚಾಪೆಯಡಿ ಹುಡುಕುತ್ತಾಳೆ. ಪೆಟ್ಟಿಗೆ ತೆರೆಯಲು ಹುಡುಗ ಬಿಡುವುದಿಲ್ಲ. ಆಗ ಪೆಟ್ಟಿಗೆಯನ್ನು ತೂಗುತ್ತಾಳೆ. ಖಾಲಿ ಪೆಟ್ಟಿಗೆ 16 ಔನ್ಸ್, ತುಂಡು ಒಂದಕ್ಕೆ 3 ಔನ್ಸ್. ಹೆಚ್ಚಿನ ತೂಕವನ್ನು 3ರಿಂದ ಭಾಗಿಸಿ, ಕಣ್ಣಿಗೆ ಕಂಡ ತುಂಡುಗಳಿಗೆ ಕೂಡಿಸಿದರೆ ಮತ್ತೆ 28. ಇಷ್ಟು ಅರ್ಥವಾಯಿತು. ಕೊನೆಗೆ, ಶಕ್ತಿಯ ವಿಷಯದಲ್ಲಿ ತುಂಡುಗಳೇ ಇಲ್ಲ ಎನ್ನುತ್ತಾರೆ. ಹಾಗಾದರೆ ನಾವು ಎಣಿಸುವುದು ಏನನ್ನು?

ಬೆಂಗಳೂರು ಭಾವ: ಈ ಗುಂಪಿನಲ್ಲಿ ಇವತ್ತು ಬಂದ ಒಳ್ಳೆಯ ಪ್ರಶ್ನೆ ಇದು.

ನಾನು: ಕಣ್ಣಿಗೆ ಕಾಣುವ ವಸ್ತು ಯಾವುದನ್ನೂ ಅಲ್ಲ, ಪುಟ್ಟಿ. ಸೂತ್ರಗಳಿಂದ ಬಂದ ಸಂಖ್ಯೆಗಳನ್ನು ಕೂಡಿಸುತ್ತೇವೆ, ಮೊತ್ತ ಬದಲಾಗುವುದಿಲ್ಲ. 10 ಮೀಟರ್ ಎತ್ತರದ ಕಂಗಿನಿಂದ ಅಡಿಕೆ ಗೊನೆ ಜಾರಿ ಬಿತ್ತು ಎಂದುಕೋ. ಮೇಲಿದ್ದಾಗ ಇರುವುದು ಎತ್ತರದ ಲೆಕ್ಕ: ದ್ರವ್ಯರಾಶಿ, ಗುರುತ್ವದ ವೇಗೋತ್ಕರ್ಷ 9.8, ಎತ್ತರ, ಈ ಮೂರರ ಗುಣಲಬ್ಧ. ಬೀಳುತ್ತಾ ಎತ್ತರದ ಲೆಕ್ಕ ಕರಗುತ್ತದೆ, ವೇಗದ ಲೆಕ್ಕ ಬೆಳೆಯುತ್ತದೆ: ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ನೆಲ ಮುಟ್ಟುವಾಗ ಎರಡನೆಯದು ಮೊದಲಿನದಕ್ಕೆ ಸಮ. ಬಿಡಿಸಿದರೆ ವೇಗ ಸೆಕೆಂಡಿಗೆ 14 ಮೀಟರ್. ಗಾಳಿಯ ತಡೆಯನ್ನು ಬಿಟ್ಟಿದ್ದೇನೆ. ಗೊನೆಯ ರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ, ನೋಡು.

ಕುಂಬಳೆ ಅಣ್ಣ: ಅದಕ್ಕೇ ಅಜ್ಜ ಗೊನೆಯನ್ನು ಹಗ್ಗದಲ್ಲಿ ಇಳಿಸಿಯೇ ಕೊಡಿ ಎನ್ನುತ್ತಿದ್ದರು.

ಪುಟ್ಟಿ: ನೆಲಕ್ಕೆ ಬಿದ್ದು ನಿಂತ ಮೇಲೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಆಗ 28 ಎಲ್ಲಿ ಹೋಯಿತು?

ಪೆರ್ಲದ ಅಪ್ಪಚ್ಚಿ: ಇದನ್ನು ನಾನು ಹೇಳುತ್ತೇನೆ. ನೆಲವೂ ಗೊನೆಯೂ ತುಸು ಬಿಸಿಯಾಗುತ್ತವೆ ಮಗಳೇ, ಒಂದಿಷ್ಟು ಸದ್ದಾಗಿ ಹೋಗುತ್ತದೆ. ಕೈಗೆ ಗೊತ್ತಾಗುವಷ್ಟು ಬಿಸಿಯಲ್ಲ, ಆದರೆ ಲೆಕ್ಕ ತಪ್ಪುವುದಿಲ್ಲ. ಮುಂದೆ ಅಣುಗಳ ಚಲನೆಯ ಅಧ್ಯಾಯ ಬಂದಾಗ ಇದನ್ನೇ ಕೇಳು.

ಬದಿಯಡ್ಕ ಅಕ್ಕ: ಕೋಚಿಂಗ್ ಹಣವನ್ನು ಓಣಂ ರಜೆಯವರೆಗೆ ಕಟ್ಟುವುದಿಲ್ಲ. ಅಷ್ಟರೊಳಗೆ ನೀವು ಮೂವರೂ ಅವಳ ಜೊತೆ ಕುಳಿತುಕೊಳ್ಳಬೇಕು. ಮಾತು ಕೊಟ್ಟು ತಪ್ಪಬಾರದು.

ಬೆಂಗಳೂರು ಭಾವ: ಭಾನುವಾರಗಳಂದು ವೀಡಿಯೊ ಕರೆಯಲ್ಲಿ ನಾನಿರುತ್ತೇನೆ. ಅಭ್ಯಾಸದ ಲೆಕ್ಕಗಳ ಪುಸ್ತಕ ಇವತ್ತೇ ತರಿಸುತ್ತೇನೆ.

ನಾನು: ಶನಿವಾರ ಮಧ್ಯಾಹ್ನ ನಾನು ಬದಿಯಡ್ಕಕ್ಕೆ ಬರುತ್ತೇನೆ ಅಕ್ಕಾ. ಅಪ್ಪಚ್ಚಿ, ನೀವೂ ಬನ್ನಿ.

ಪೆರ್ಲದ ಅಪ್ಪಚ್ಚಿ: ಬರುತ್ತೇನೆ. ಎರಡನೆಯ ಸಂಪುಟ ತರುತ್ತೇನೆ. ಕೊಪ್ಪರಿಗೆಯ ವಿಷಯ ಅಲ್ಲಿಯೇ ಮಾತನಾಡೋಣ, ಅಣ್ಣನೂ ಇರಲಿ.