ರಾತ್ರಿ ಎರಡು ಗಂಟೆಗೆ ಸೈರನ್! ಇದಕ್ಕೆ ಏನಾದರೂ ಮಾಡಬಹುದಾ?

ನಿದ್ದೆಗೆಟ್ಟವ:
ನ್ಯೂಜೆರ್ಸಿಯ ಒಂದು ಸಣ್ಣ ಊರಲ್ಲಿ ಎಂಟು ತಿಂಗಳ ಹಿಂದೆ ಮನೆ ತಗೊಂಡೆವು. ನೋಡಲು ಹೋಗಿದ್ದು ಭಾನುವಾರ, ಊರೆಲ್ಲ ತಣ್ಣಗಿತ್ತು. ಗೃಹಪ್ರವೇಶ ಆದ ಮೂರನೇ ರಾತ್ರಿ ಯುದ್ಧ ಶುರುವಾಯಿತೇನೋ ಅನ್ನುವ ಹಾಗೆ ಸೈರನ್. ಹಿಂದಿನ ಬೀದಿಯಲ್ಲಿ, 400 ಅಡಿ ದೂರದಲ್ಲಿ, ವಾಲಂಟಿಯರ್ ಫೈರ್ ಕಂಪನಿ (ಸಂಬಳವಿಲ್ಲದೆ ಊರವರೇ ನಡೆಸುವ ಅಗ್ನಿಶಾಮಕ ದಳ) ಇದೆ, ಕರೆ ಬಂದಾಗ ಅವರನ್ನು ಕರೆಸಲು ಈ ಸೈರನ್. ಮಗು ಬೆಚ್ಚಿಬೀಳುತ್ತದೆ, ಅತ್ತೆಗೆ ಎದೆ ಢವಢವ. ಎಲ್ಲರ ಜೇಬಲ್ಲೂ ಫೋನ್ ಇರುವಾಗ ಊರನ್ನೇ ಎಬ್ಬಿಸುವುದು ಯಾಕೆ? ಸೈರನ್ ತೆಗೆಸಿ ಅಂತ ಟೌನ್ ಕೌನ್ಸಿಲ್‌ಗೆ ಅರ್ಜಿ ಬರೆಯುತ್ತಿದ್ದೇನೆ.

ಕುಡ್ಲದವ:
ಮಾರಾಯ್ರೇ, ಸೈರನ್ ಮೊದಲು ಬಂದದ್ದಾ, ನೀವು ಮೊದಲು ಬಂದದ್ದಾ? ದೇವಸ್ಥಾನದ ಪಕ್ಕ ಮನೆ ಮಾಡಿ ಗಂಟೆ ಬಾರಿಸಬೇಡಿ ಅಂದ ಹಾಗಾಯಿತು.

ನಿದ್ದೆಗೆಟ್ಟವ:
ಗಂಟೆ ರಾತ್ರಿ ಎರಡಕ್ಕೆ ಬಾರಿಸುವುದಿಲ್ಲವಲ್ಲ ಸರ್.

ಡೆಸಿಬೆಲ್ ಭಟ್ಟ:
ಲೆಕ್ಕ ಹಾಕೋಣ. ಸೈರನ್ ಸದ್ದು 100 ಅಡಿಯಲ್ಲಿ 102 ಡೆಸಿಬೆಲ್ ಅಂತಿಟ್ಟುಕೊಳ್ಳಿ. ಬಯಲಲ್ಲಿ ದೂರ ಎರಡು ಪಟ್ಟು ಆದಾಗಲೆಲ್ಲ ಸುಮಾರು 6 ಇಳಿಯುತ್ತದೆ. 400 ಅಡಿಯಲ್ಲಿ 90. ಮನೆ ಹೊರಗೆ ನಿಂತರೆ ಕಿವಿ ಪಕ್ಕ ಮಿಕ್ಸಿ ಹಾಕಿದ ಹಾಗೆ. ಕುಡ್ಲದವರೇ, ಸುಮ್ನೆ ತಮಾಷೆ ಮಾಡಬೇಡಿ, ಅವರ ಕಷ್ಟ ನಿಜವಾದದ್ದೇ.

ಸೊಂಟಕ್ಕೆ ಪೇಜರ್:
ಪೆನ್ಸಿಲ್ವೇನಿಯಾದಲ್ಲಿ ನಾನೇ ವಾಲಂಟಿಯರ್, ಆರು ವರ್ಷದಿಂದ. ಹಗಲಲ್ಲಿ ಸಾಫ್ಟ್‌ವೇರ್. ಊರಲ್ಲಿ, ಅಂದರೆ ಭಾರತದಲ್ಲಿ, 101 ಒತ್ತಿದರೆ ಸಂಬಳದ ಸಿಬ್ಬಂದಿ ಬರುತ್ತಾರೆ, ಆ ಅಭ್ಯಾಸದಲ್ಲಿ ಇಲ್ಲೂ ಸ್ಟೇಷನ್ನಿನಲ್ಲಿ ಯಾರೋ ಕಾಯುತ್ತಿರುತ್ತಾರೆ ಅಂದುಕೊಳ್ಳುತ್ತೇವೆ. ಇಲ್ಲಿ ನಮ್ಮ ಸ್ಟೇಷನ್ನಿನಲ್ಲಿ ರಾತ್ರಿ ಯಾರೂ ಇರುವುದಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಪದ್ಧತಿಯೇ ಇವತ್ತಿಗೂ: ಕರೆ ಬಂದಾಗ ಮನೆಯಿಂದ ಎದ್ದು ಓಡಬೇಕು, ಟ್ರಕ್ ತೆಗೆಯಬೇಕು. ಈಗಿನ ಸೋಫಾ, ಫೋಮ್ ಎಲ್ಲ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಅಂದರೆ ಐದು ನಿಮಿಷದೊಳಗೆ ಇಡೀ ಕೋಣೆ ಧಗ್ ಅನ್ನಬಹುದು. ಕರೆ ಬಂದರೆ ಸೊಂಟದಲ್ಲೇ ಕೂಗುವ ಪೇಜರ್ ಇದೆ, ಫೋನ್ ಆ್ಯಪ್ ಇದೆ, ನಿಜ. ಆದರೆ ಒಂದು ಸಲ ಪೇಜರ್ ಚಾರ್ಜ್ ಮುಗಿದು ಸತ್ತಿತ್ತು, ನನ್ನನ್ನು ಎಬ್ಬಿಸಿದ್ದು ಸೈರನ್. 2012ರ ಸ್ಯಾಂಡಿ ಚಂಡಮಾರುತದಲ್ಲಿ ಮೊಬೈಲ್ ಟವರ್‌ಗಳು ಮಲಗಿದ್ದು ನಿಮ್ಮ ರಾಜ್ಯದಲ್ಲೇ, ಅಲ್ವಾ? ಇನ್ನೊಂದು, ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸುಮಾರು 3 ಲಕ್ಷ ವಾಲಂಟಿಯರ್‌ಗಳಿದ್ದರು, 2018ರ ವರದಿಯಲ್ಲಿ 38,000ದ ಆಸುಪಾಸು. ಬರುವವರೇ ಇಲ್ಲ, ಅಂಥದ್ದರಲ್ಲಿ ಬರುವವರಿಗೂ ಬೈಗುಳ.

ಡೆಸಿಬೆಲ್ ಭಟ್ಟ:
ಎಷ್ಟೋ ಊರುಗಳಲ್ಲಿ ರಾತ್ರಿ ಸೈರನ್ ಬಂದ್, ಬರೀ ಪೇಜರ್. ಅಲ್ಲೇನು ಊರು ಸುಟ್ಟು ಹೋಗಿಲ್ಲ.

ಸೊಂಟಕ್ಕೆ ಪೇಜರ್:
ಒಪ್ಪುತ್ತೇನೆ. ನಮ್ಮಲ್ಲಿ ಜಾಸ್ತಿ ಕರೆಗಳು ಬೆಂಕಿಯವೇ ಅಲ್ಲ, ಮನೆಗಳಲ್ಲಿ ತಾನಾಗಿ ಹೊಡೆದುಕೊಳ್ಳುವ ಆಟೋಮ್ಯಾಟಿಕ್ ಅಲಾರಂ. ಅದರಲ್ಲಿ ಒಗ್ಗರಣೆ ಹೊಗೆಯ ಪಾಲೂ ಇದೆ!

ಬ್ಯಾಡಗಿ ಮೇಡಂ:
ನನ್ನ ಮನೆಗೇ ಬಂದಿದ್ದರು. ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದೆ, ಅಲಾರಂ ನೇರ ಅದನ್ನು ಗಮನಿಸುವ ಮಾನಿಟರಿಂಗ್ ಕಂಪನಿಗೆ ಹೋಗಿದೆ, ಅಲ್ಲಿಂದ ಫೈರ್‌ನವರಿಗೆ ಕರೆ, ಊರಿಗೆಲ್ಲ ಸೈರನ್. ಎಂಟು ಜನ ಇಳಿದರು. ಒಬ್ಬರು ಎಪ್ಪತ್ತರ ಅಜ್ಜ, ಒಬ್ಬ ನಮ್ಮ ಅಂಗಡಿ ಹುಡುಗ, ಕೆಳಗೆ ಪೈಜಾಮ, ಮೇಲೆ ಆ ದಪ್ಪ ಕೋಟು. ಬಾಗಿಲಲ್ಲೇ ಎಲ್ಲರಿಗೂ ಸೀನು. ನಾಚಿಕೆಯಿಂದ ಸತ್ತೇ ಹೋದೆ.

ಕುಡ್ಲದವ:
ಒಂದು ಪ್ಲೇಟ್ ಬಜ್ಜಿ ಕೊಡಬೇಕಿತ್ತು ಅಕ್ಕಾ.

ನಿದ್ದೆಗೆಟ್ಟವ:
ಸರಿ, ತೆಗೆಸಿ ಅನ್ನುವುದನ್ನು ಹೊಡೆದು ಹಾಕುತ್ತೇನೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಜವಾದ ಬೆಂಕಿಗೆ ಮಾತ್ರ ಸೈರನ್, ಅಲಾರಂ ಕರೆಗೆ ಪೇಜರ್ ಸಾಕು. ಇಷ್ಟು ಕೇಳಿದರೆ ತಪ್ಪಾ?

ಸೊಂಟಕ್ಕೆ ಪೇಜರ್:
ತಪ್ಪಲ್ಲ. ಆದರೆ ಕೌನ್ಸಿಲ್‌ಗೆ ಹೋಗುವ ಮೊದಲು ಫೈರ್ ಕಂಪನಿಯ ಚೀಫ್ ಹತ್ತಿರ ಮಾತಾಡಿ. ಡ್ರಿಲ್ ಇರುವ ಸಂಜೆ ಹೋಗಿ, ಎಲ್ಲರೂ ಸಿಗುತ್ತಾರೆ. ಮಗುವನ್ನೂ ಕರೆದುಕೊಂಡು ಹೋಗಿ, ಟ್ರಕ್ ಹತ್ತಿಸುತ್ತಾರೆ.

ನಿದ್ದೆಗೆಟ್ಟವ:
ಮಗುವಿಗೆ ಇನ್ನೂ ಐದು ತಿಂಗಳು ಸರ್. ನಾನೇ ಹತ್ತುತ್ತೇನೆ.