ಸಹಾಯ ಬೇಕು: ಕಲೋನ್‌ನ ಬಿಯರ್ ಹಾಲ್‌ನಲ್ಲಿ ಬಿಲ್ ಬೇರೆ ಬೇರೆ ಮಾಡಿಸೋದು ಹೇಗೆ?

ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು ಮೂರು ದಿನಕ್ಕೆ ಅಂತ ಜರ್ಮನಿಯ ಕಲೋನ್‌ಗೆ ಬಂದಿದ್ದೇವೆ. ನಿನ್ನೆ ಒಂದು ಹಳೇ ಬಿಯರ್ ಹಾಲ್‌ಗೆ ಹೋದೆವು. ಇಲ್ಲಿನ ಕ್ಯೋಲ್ಶ್ ಬಿಯರ್ ಬರೋದು 200 ಎಂಎಲ್‌ನ ಉದ್ದನೆಯ ಸಣ್ಣ ಗ್ಲಾಸಿನಲ್ಲಿ. ಇದು ಯಾವ ಮೂಲೆಗೆ ಅಂದುಕೊಂಡೆವು. ಆದರೆ ಗ್ಲಾಸ್ ಖಾಲಿಯಾದ ತಕ್ಷಣ, ನಾವು ಕೇಳದೇನೇ, ವೇಟರ್ ಇನ್ನೊಂದು ಇಟ್ಟು, ಗ್ಲಾಸ್ ಕೆಳಗಿಡುವ ರಟ್ಟಿನ ಕೋಸ್ಟರ್ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೀಟು ಎಳೆದು ಹೋಗುತ್ತಾರೆ. ಸಾಕು ಅಂದರೆ ಕೋಸ್ಟರನ್ನು ಗ್ಲಾಸ್ ಮೇಲೆ ಮುಚ್ಚಬೇಕಂತೆ. ಪಕ್ಕದ ಟೇಬಲ್‌ನ ಅಜ್ಜ ಸನ್ನೆ ಮಾಡಿ ತೋರಿಸಿದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ 23 ಗೀಟು!

ತೊಂದರೆ ಏನಂದ್ರೆ ಎಲ್ಲರ ಲೆಕ್ಕವೂ ಒಂದೇ ಕೋಸ್ಟರ್ ಮೇಲೆ. ಒಬ್ಬ ಕುಡಿದಿದ್ದು ಎರಡು, ಇನ್ನೊಬ್ಬ ಒಂಬತ್ತು (ಯಾರು ಅಂತ ಹೇಳಲ್ಲ). ಕೊನೆಗೆ 'ಗೆಟ್ರೆಂಟ್' ಅಂತ ಜರ್ಮನ್‌ನಲ್ಲೇ ಬೇರೆ ಬೇರೆ ಬಿಲ್ ಕೇಳಿದೆ. ಯಾರು ಎಷ್ಟು ಕುಡಿದಿರಿ ಅಂತ ಅವರೇ ತಿರುಗಿ ಕೇಳಿದರು, ನಮಗೆಲ್ಲಿ ಎಲ್ಲರದೂ ಸರಿಯಾಗಿ ನೆನಪಿರುತ್ತೆ? ಇವತ್ತು ಬೇರೆ ಕಡೆ ನಾಲ್ಕು ಜನರ ಮುಂದೆ ನಾಲ್ಕು ಕೋಸ್ಟರ್ ಇಟ್ಟು ಕೂತೆವು, ಆದರೂ ಸುಮ್ನೆ ಒಂದರ ಮೇಲೇ ಗೀಟು.

ಕಲೋನ್‌ನಲ್ಲಿ ಇರುವವರು ಹೇಳಿ, ಕೂತ ತಕ್ಷಣವೇ ಹೇಳಬೇಕಾ? ಜರ್ಮನ್‌ನಲ್ಲಿ ಏನಂತ ಹೇಳಿದರೆ ಒಬ್ಬೊಬ್ಬರಿಗೂ ಬೇರೆ ಕೋಸ್ಟರ್ ಮೇಲೆ ಬರೆಯುತ್ತಾರೆ? ನಾಳೆ ಹತ್ತಿರದ ಡುಸೆಲ್‌ಡಾರ್ಫ್ ನಗರಕ್ಕೆ ಅಲ್ಲಿನ ಆಲ್ಟ್‌ಬಿಯರ್ ಕುಡಿಯೋಕೆ ಹೋಗ್ತಿದ್ದೇವೆ, ಅಲ್ಲೂ ಅದೇ ಮಾತು ನಡೆಯುತ್ತಾ?