ಅಪ್‌ಡೇಟ್: ಮಗಳ ವಾಂತಿ-ಭೇದಿ, ಕೊನೆಗೂ ಡಾಕ್ಟರ್ ಹತ್ರ ಹೋದೆವು

"14 ತಿಂಗಳ ಮಗಳಿಗೆ ವಾಂತಿ-ಭೇದಿ, ಓಆರ್‌ಎಸ್ ಕೊಟ್ಟರೂ ಕಕ್ಕುತ್ತಿದ್ದಾಳೆ, ಇನ್ನೊಂದು ದಿನ ಕಾಯಬಹುದಾ?" ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಈಗ ಹುಷಾರಾಗಿದ್ದಾಳೆ.

"ಉಚ್ಚೆ ಹೊಯ್ದಿದ್ದಾಳಾ ನೋಡಿ" ಅಂತ ಒಬ್ಬರು ಬರೆದಿದ್ದರಲ್ಲ, ಅದೇ ಕಣ್ಣು ತೆರೆಸಿದ್ದು. ರಾತ್ರಿಯಿಡೀ ಭೇದಿ ಆಗಿಲ್ಲ ಅಂತ ಖುಷಿಯಲ್ಲಿದ್ದೆ. ಬೆಳಗ್ಗೆ ಡೈಪರ್ ಬಿಚ್ಚಿದರೆ ಪೂರ್ತಿ ಒಣಗಿತ್ತು, ಎಂಟು ಗಂಟೆ ಕಳೆದಿತ್ತು. ಅಳುತ್ತಿದ್ದಳು, ಕಣ್ಣೀರಿರಲಿಲ್ಲ. ತಕ್ಷಣ ಹೊರಟೆವು.

ಡಾಕ್ಟರ್ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು. ಚರ್ಮ ನಿಧಾನಕ್ಕೆ ಹಿಂದಕ್ಕೆ ಹೋಯಿತು, ಅಂದರೆ ಮೈಯಲ್ಲಿ ನೀರು ಕಮ್ಮಿಯಾಗಿತ್ತು. ಆದರೂ ಡ್ರಿಪ್ ಬೇಡ, ಇಲ್ಲೇ ಕೂತು ಓಆರ್‌ಎಸ್ ಕುಡಿಸಿ ಅಂದರು. ನನ್ನ ತಪ್ಪು ಗೊತ್ತಾಗಿದ್ದು ಆಗ. ಬಾಯಾರಿದೆ ಅಂತ ಅರ್ಧ ಲೋಟ ಒಟ್ಟಿಗೆ ಕೊಡುತ್ತಿದ್ದೆ, ಅವಳು ಗಟಗಟ ಕುಡಿದು ಅಷ್ಟೂ ಕಕ್ಕುತ್ತಿದ್ದಳು. ನರ್ಸ್ ಚಮಚ ಕೈಗಿಟ್ಟರು: ಒಂದೆರಡು ನಿಮಿಷಕ್ಕೆ 5 ಎಂಎಲ್, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ. ನಾಲ್ಕು ಗಂಟೆ ಅದೇ ಕೆಲಸ, ಕೈ ಮರಗಟ್ಟಿತು. ಮೂರನೇ ಗಂಟೆಗೆ ನನ್ನ ತೊಡೆ ಒದ್ದೆ! ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಪುಡಿಯನ್ನು ಅಂದಾಜಿಗೆ ಕಲಸುತ್ತಿದ್ದುದಕ್ಕೂ ಬೈಸಿಕೊಂಡೆ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್, 24 ಗಂಟೆ ಆದಮೇಲೆ ಚೆಲ್ಲಬೇಕು. ಜಿಂಕ್ 14 ದಿನಕ್ಕೆ ಬರೆದಿದ್ದಾರೆ. ಆಂಟಿಬಯಾಟಿಕ್ ಇಲ್ಲ. ಭೇದಿ ನಿಲ್ಲಿಸೋ ಮಾತ್ರೆ ಕೇಳಿದ್ದಕ್ಕೆ ಇಷ್ಟು ಚಿಕ್ಕ ಮಕ್ಕಳಿಗೆ ಕೊಡಲೇಬಾರದು ಅಂದರು. ಎದೆಹಾಲು ನಿಲ್ಲಿಸಬೇಡಿ ಅಂತಲೂ ಹೇಳಿದರು.

ಮಲದಲ್ಲಿ ರಕ್ತ, ಹಸಿರು ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ರಾತ್ರಿಯಾದರೂ ಬನ್ನಿ ಅಂದಿದ್ದಾರೆ. ಇವತ್ತು ಎರಡು ಸಲ ತೆಳ್ಳಗೆ ಹೋಗಿದ್ದಾಳೆ, ಆದರೆ ಬೆಕ್ಕಿನ ಹಿಂದೆ ಓಡುತ್ತಿದ್ದಾಳೆ.